ಹಿಂದೆ ಕೂತ ಟರ್ಬೊ

ನಾನು ಒಂದು ಟರ್ಬೊಚಾರ್ಜರ್. ಬಸವನಹುಳುವಿನ ಚಿಪ್ಪಿನಂತಹ ಎರಡು ಲೋಹದ ಗೂಡುಗಳು, ಅವುಗಳ ನಡುವೆ ಬೆರಳುದ್ದದ ಒಂದು ಉಕ್ಕಿನ ಕಡ್ಡಿ, ಕಡ್ಡಿಯ ಎರಡು ತುದಿಗೂ ರೆಕ್ಕೆಯ ಚಕ್ರ. ಇಷ್ಟೇ ನನ್ನ ಮೈ. ಇಂಜಿನ್ ಉಗುಳಿದ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರೊಡನೆ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ಉಣಿಸುತ್ತದೆ. ಗಾಳಿ ಹೆಚ್ಚು ಉಂಡ ಇಂಜಿನ್ ಹೆಚ್ಚು ಓಡುತ್ತದೆ. ನನಗೆ ಬೇಕಾದದ್ದು ಒಂದೇ, ಎಡೆಬಿಡದೆ ಹರಿಯುವ ಎಣ್ಣೆ. ಅದು ನಿಂತರೆ ನಾನು ಸುಟ್ಟುಹೋಗುತ್ತೇನೆ. ಅದು ಚೆಲ್ಲಿದರೆ ಏನಾಗುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಾನು ಹುಟ್ಟಿದ್ದು ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ. ಮರಳಿನ ಅಚ್ಚಿನಿಂದ ಹೊರಬಂದ ನನ್ನನ್ನು ಕೆರೆದು, ನಯಮಾಡಿ, ಅಳ್ನಾವರದಿಂದ ಧಾರವಾಡಕ್ಕೆ ಜನರನ್ನು ಹೇರಿಕೊಂಡು ಹೋಗುವ ಜೀಪಿಗೆ ಕೂಡಿಸಿದರು. ಅಲ್ಲಿ ಇಂಜಿನ್ನಿನ ಮಗ್ಗುಲಲ್ಲೇ ನನ್ನ ಜಾಗ. ಎಂಟು ವರ್ಷ ದುಡಿದೆ. ಜೀಪು ಗುಜರಿಗೆ ಬಿದ್ದಾಗ ನನ್ನನ್ನು ಬಿಚ್ಚಿ ತೆಗೆದುಕೊಂಡು ಹೋದವನು ಹುಬ್ಬಳ್ಳಿಯ ಮೌನೇಶ ಕಮ್ಮಾರ.

ಗೋಕುಲ ರಸ್ತೆಯ ಕಡೆ ಅವನ ಗ್ಯಾರೇಜು. ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಅವನು ಮಾಡಿದ ವೆಲ್ಡಿಂಗು ಇರುವೆ ಸಾಲು ಹೋದಂತೆ ಇರುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಬೇರೆ ಗ್ಯಾರೇಜಿನವರು ಕೂಡ ಕಷ್ಟದ ಕೆಲಸವನ್ನು ಅವನಲ್ಲಿಗೆ ತರುತ್ತಿದ್ದರು. ನನ್ನ ಒಳಗನ್ನೆಲ್ಲ ತೊಳೆದು, ಸವೆದದ್ದನ್ನು ಬದಲಿಸಿ, ಅವನು ನನ್ನನ್ನು ಮತ್ತೆ ಹೊಸದಾಗಿಸಿದ. ಆ ನಾಲ್ಕು ದಿನಗಳಲ್ಲಿ ಅವನ ಕೈಯೊಳಗೇ ಇದ್ದ ನನಗೆ ಒಂದು ಗುಟ್ಟು ತಿಳಿಯಿತು. ಮೌನೇಶನ ಕಣ್ಣುಗಳು ಮಂಜಾಗಿದ್ದವು. ನಟ್ಟಿನ ಅಳತೆಯನ್ನು ಅವನು ಓದುತ್ತಿರಲಿಲ್ಲ, ಹೆಬ್ಬೆರಳಿನಿಂದ ಸವರಿ ಗುರುತಿಸುತ್ತಿದ್ದ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಕಲಿಸುವ ಶ್ರೇಯಾಂಸ ಪದ್ಮಣ್ಣವರ ಎಂಬ ಮೇಷ್ಟ್ರು ತಮ್ಮ ಹಳೆಯ ಪೆಟ್ರೋಲ್ ಕಾರನ್ನು ತಂದು, ಇದಕ್ಕೆ ಟರ್ಬೊ ಹಾಕಿಕೊಡಿ ಎಂದರು. ದಿನಾ ಧಾರವಾಡಕ್ಕೆ ಹೋಗಿಬರುವ ಕಾರು. ಪಂದ್ಯಕ್ಕಲ್ಲ, ಮುಂದಿನ ಲಾರಿಯನ್ನು ದಾಟುವಾಗ ಇಂಜಿನ್ ಏದುಸಿರು ಬಿಡಬಾರದು, ಅಷ್ಟೇ ಅವರ ಆಸೆ. ನನ್ನನ್ನು ಎಲ್ಲಿ ಕೂಡಿಸುವುದು ಎಂಬ ಮಾತು ಬಂತು. ಮೌನೇಶ ಎರಡೂ ದಾರಿಯನ್ನು ಬಿಡಿಸಿ ಹೇಳಿದ. ಮುಂದೆ, ಬಾನೆಟ್ಟಿನ ಒಳಗೆ ಇಟ್ಟರೆ ಕಾಲು ಒತ್ತಿದ ಕೂಡಲೇ ಕಾರು ಎದ್ದೇಳುತ್ತದೆ. ಆದರೆ ಜಾಗ ಇಕ್ಕಟ್ಟು, ಕಾವು ಜಾಸ್ತಿ, ವೈರುಗಳಿಗೆ ಕಾಪು ಬೇಕು, ಹೊಗೆ ಹೊರಬರುವ ಕೊಳವೆಗಳ ಗೊಂಚಲನ್ನೇ ಹೊಸದಾಗಿ ವೆಲ್ಡ್ ಮಾಡಬೇಕು. ಹಿಂದೆ, ಸೈಲೆನ್ಸರ್ ಹತ್ತಿರ ಕಾರಿನ ಹೊಟ್ಟೆಯ ಕೆಳಗೆ ಇಟ್ಟರೆ ಇಂಜಿನ್ ತಂಪಾಗಿರುತ್ತದೆ, ಕೈಯಾಡಿಸಲು ಜಾಗವಿದೆ. ಆದರೆ ಗಾಳಿ ಅಷ್ಟುದ್ದ ಬರಬೇಕಾದ್ದರಿಂದ ಒಂದು ಉಸಿರು ತಡ. ಕೆಸರು, ನೀರು ಸಿಡಿಯುತ್ತದೆ. ಎಣ್ಣೆ ಅಲ್ಲಿಯ ತನಕ ಹೋಗಬೇಕು, ಪಂಪಿನಿಂದ ವಾಪಸು ಬರಬೇಕು.

ಮೇಷ್ಟ್ರು ಎಲ್ಲ ಕೇಳಿ, "ನಿಮ್ಮ ಸ್ವಂತ ಕಾರ್ ಆಗಿದ್ರ ಎಲ್ಲಿ ಹಾಕತಿದ್ರಿ?" ಎಂದರು.

ಮೌನೇಶ ತೆರೆದ ಬಾನೆಟ್ಟಿನೊಳಗೆ ನೋಡಿದ. ಆ ಇಕ್ಕಟ್ಟಿನಲ್ಲಿ ಕೂರುವ ಕೊಳವೆಗಳನ್ನು ಕೂದಲೆಳೆಯಷ್ಟೂ ತಪ್ಪದೆ ಬೆಸೆಯಬೇಕು. ಅವನಿಗೆ ಅಲ್ಲಿ ಕಂಡದ್ದು ಕಪ್ಪು ಮಂಜು.

"ಹಿಂದ ಹಾಕತಿದ್ನಿರಿ ಸರ," ಎಂದ.

ಹೇಳಿದ ಕಾರಣಗಳಲ್ಲಿ ಒಂದೂ ಸುಳ್ಳಿರಲಿಲ್ಲ. ನಿಜವಾದ ಕಾರಣವನ್ನು ಮಾತ್ರ ಅವನು ಹೇಳಲಿಲ್ಲ. ಸ್ವಂತ ಕಾರಾಗಿದ್ದರೆ, ಕಣ್ಣು ನೆಟ್ಟಗಿದ್ದರೆ, ಅವನು ನನ್ನನ್ನು ಮುಂದೆಯೇ ಇಡುತ್ತಿದ್ದ.

ಹೀಗೆ ನಾನು ಹಿಂದಕ್ಕೆ ಬಂದೆ. ಕೆಲಸದ ಕೊನೆಯ ದಿನ ಮೌನೇಶ ಕಾರಿನ ಕೆಳಗೆ ಮಲಗಿ, ನನ್ನಿಂದ ಎಣ್ಣೆ ವಾಪಸು ಹೋಗುವ ರಬ್ಬರ್ ಪೈಪನ್ನು ಕ್ಲಿಪ್ಪು ಹಾಕಿ ಬಿಗಿದ. ಬೆರಳಿನಿಂದ ಸವರಿ ನೋಡಿದ, ಗಟ್ಟಿಯಾಗಿದೆ ಎನಿಸಿತು. ಗಟ್ಟಿಯಾಗಿಯೇ ಇತ್ತು. ಆದರೆ ನಡುವೆ ಒಂದು ಕಡೆ ಪೈಪು ಎರಡು ಬೆರಳು ಜೋತುಬಿದ್ದಿತ್ತು. ಕೆಳಗೆ ತಗಡಿನ ಕಾಪು ಹಾಕಬೇಕಿತ್ತು, ಅದನ್ನು ಮುಂದಿನ ಸರ್ವಿಸಿಗೆ ಎಂದು ಬಿಟ್ಟ. ಜೋತದ್ದು ಅವನಿಗೆ ಕಾಣಲಿಲ್ಲ. ನನ್ನ ಮಗ್ಗುಲಲ್ಲೇ ಇದ್ದದ್ದರಿಂದ ನನಗೆ ಕಂಡಿತ್ತು. ನನಗೆ ಬಾಯಿಲ್ಲ ಎಂದು ಎಷ್ಟು ಸಲ ಹೇಳಿಕೊಂಡರೂ ಆ ನೋಟ ನನ್ನನ್ನು ಬಿಟ್ಟಿಲ್ಲ.

ಎರಡು ತಿಂಗಳು ಚೆನ್ನಾಗಿ ಓಡಿದೆವು. ಮೇಷ್ಟ್ರಿಗೆ ಖುಷಿಯೋ ಖುಷಿ. ಒಂದು ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಉಣಕಲ್ ಕೆರೆಯ ಹತ್ತಿರದ ತಿರುವಿನಲ್ಲಿ ಹೊಸದಾಗಿ ಹಾಕಿದ್ದ ರಸ್ತೆ ಉಬ್ಬೊಂದು ಕಾರಿನ ಹೊಟ್ಟೆಗೆ ತಾಗಿತು. ಪೈಪು ಸೀಳಿತು. ಬಿಸಿ ಎಣ್ಣೆ ರಸ್ತೆಯುದ್ದಕ್ಕೂ ಸುರಿಯಿತು. ಮುಂದೆ ಕೂತವರಿಗೆ ಏನೂ ಗೊತ್ತಾಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಎಣ್ಣೆಯ ಕೆಂಪು ದೀಪ ಹೊತ್ತಿತು, ನಾನು ಚೀರತೊಡಗಿದೆ. ಮೇಷ್ಟ್ರು ಕಾರು ನಿಲ್ಲಿಸಿ ಮೌನೇಶನಿಗೆ ಫೋನು ಮಾಡಿದರು. ಅವನು ಬಂದು ಕೆಳಗೆ ಕೈಯಾಡಿಸಿದ. ಸೀಳಿದ ಪೈಪು ಸಿಕ್ಕಿತು. ಯಾವ ದಾರಿಯಿಂದ ಬಂದಿರಿ ಎಂದು ಕೇಳಿದ. ಹತ್ತಿರದ ಕಟ್ಟಿಗೆ ಅಡ್ಡೆಯಿಂದ ಒಂದು ಚೀಲ ಮರದ ಹೊಟ್ಟು ಹೇರಿಕೊಂಡು ಬೈಕಿನಲ್ಲಿ ಹಿಂದಕ್ಕೆ ಹೋದ.

ಎಣ್ಣೆಯ ಮೇಲೆ ಹೊಟ್ಟು ಸುರಿಯಲೆಂದು ಹೋದವನಿಗೆ ಅಲ್ಲಿ ಬಿದ್ದ ಸ್ಕೂಟರು ಕಂಡಿತು. ರಸ್ತೆಯ ತುಂಬ ಸೇವಂತಿಗೆ, ಕನಕಾಂಬರ. ಒಬ್ಬ ಹೆಂಗಸು ಬಲಗೈಯನ್ನು ಎದೆಗೆ ಒತ್ತಿಕೊಂಡು ರಸ್ತೆ ಬದಿಯಲ್ಲಿ ಕೂತಿದ್ದಳು. ಸುಲೋಚನಾ ಹೂಗಾರ. ದಿನಾ ಬೆಳಿಗ್ಗೆ ಮೂರು ಗುಡಿಗಳಿಗೆ ಹಾರ ಕಟ್ಟಿ ಮುಟ್ಟಿಸುವವಳು. ಮೌನೇಶ ಆಟೋ ನಿಲ್ಲಿಸಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ, ಮನೆಯವರು ಬರುವ ತನಕ ಕೂತ. ಮಣಿಕಟ್ಟು ಎರಡು ಕಡೆ ಮುರಿದಿತ್ತು. ಅವಳ ಅತ್ತೆ ಬಂದು ಅವನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳಂತೆ. ದೇವರೇ ನಿನ್ನನ್ನು ಕಳಿಸಿದ ಎಂದಳಂತೆ. ಅವನು ತನ್ನ ಹೆಸರನ್ನು ಹೇಳಿದ, ಬೇರೇನನ್ನೂ ಹೇಳಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಕಾರಿನಿಂದ ಬಿಚ್ಚಿದ ನನ್ನನ್ನು ಅವನು ಗ್ಯಾರೇಜಿನ ಮೇಜಿನ ಮೇಲೆ ಇಟ್ಟಿದ್ದ. ರಿಪೇರಿಗೆಂದು ತಂದ ಅವಳ ಸ್ಕೂಟರು ಎದುರಿಗೇ ನಿಂತಿತ್ತು. ಅವನು ಅದರ ಹ್ಯಾಂಡಲ್ ನೇರ ಮಾಡಿದ, ಬಣ್ಣ ಹೊಡೆದ. ಮಾಡುವುದಕ್ಕೆ ಏನೂ ಉಳಿಯದಿದ್ದರೂ ದಿನಾ ಅದನ್ನು ಒರೆಸುತ್ತಿದ್ದ. ಮೇಷ್ಟ್ರು ಎರಡು ಸಲ ಬಂದು ಕೇಳಿದರೂ ಅವನು ನನ್ನ ಕಡೆ ತಿರುಗಲಿಲ್ಲ.

ಮೂರು ವಾರಕ್ಕೆ ಸುಲೋಚನಾ ತನ್ನ ತಮ್ಮನೊಡನೆ ಸ್ಕೂಟರು ಒಯ್ಯಲು ಬಂದಳು. ಕೈಗೆ ಪ್ಲಾಸ್ಟರ್ ಇತ್ತು. ಎಡಗೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಒಂದು ಹಾರ. ಗ್ಯಾರೇಜಿನ ದೇವರ ಪಟಕ್ಕೆ ಅಂತ ತಂದೆ ಎಂದಳು. ತಾನು ಕಟ್ಟಿದ್ದಲ್ಲ, ನಾದಿನಿ ಕಟ್ಟಿದ್ದು, ಗಂಟು ಸಡಿಲ ಇದ್ದರೆ ತಪ್ಪು ತಿಳಿಯಬೇಡಿ ಎಂದೂ ಹೇಳಿದಳು.

ಮೌನೇಶ ಆ ಹಾರಕ್ಕೆ ಕೈ ಚಾಚಲಿಲ್ಲ.

"ಅಕ್ಕಾರ, ಆ ಆಯಿಲ್ ಚೆಲ್ಲಿದ್ದು ನನ್ನ ಕೆಲಸದಿಂದ," ಎಂದ. ಮೇಜಿನ ಮೇಲಿದ್ದ ನನ್ನನ್ನು ತೋರಿಸಿದ. ಪೈಪು, ಕಾಪು, ರಸ್ತೆ ಉಬ್ಬು, ಎಲ್ಲ ಹೇಳಿದ. ಕೊನೆಗೆ ಅದನ್ನೂ ಹೇಳಿಬಿಟ್ಟ: "ನನಗ ಕಣ್ಣು ಕಾಣಂಗಿಲ್ರಿ. ಕಾಣತಾವ ಅಂತ ಹೇಳಿ ಮಾಡಿದ್ನಿ."

ಅವಳ ತಮ್ಮ ಒಂದು ಹೆಜ್ಜೆ ಮುಂದೆ ಬಂದ. ಅವಳು ಎಡಗೈಯಿಂದ ಅವನನ್ನು ತಡೆದಳು. ಸ್ಕೂಟರಿನ ಹೊಸ ಬಣ್ಣವನ್ನು ನೋಡಿದಳು.

"ಕೈ ಹಿಡಿದು ಎತ್ತಿದ್ದು ಖರೇನ?" ಎಂದು ಕೇಳಿದಳು.

"ಖರೇನ್ರಿ."

"ಬೀಳಿಸಿದ್ದೂ ಖರೆ. ಎರಡೂ ಇರ್ಲಿ. ಒಂದರ ಮ್ಯಾಲ ಒಂದು ಮುಚ್ಚಬ್ಯಾಡ್ರಿ ಅಣ್ಣಾರ."

ಹಾರವನ್ನು ಅವಳೇ ಎಡಗೈಯಿಂದ ಪಟಕ್ಕೆ ಏರಿಸಿದಳು. ಅದು ಓರೆಯಾಗಿ ನಿಂತಿತು. ನೆಟ್ಟಗೆ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ.

ಮರುದಿನದಿಂದ ಮೂರು ಗುಡಿಗಳಿಗೆ ಹಾರ ಮುಟ್ಟಿಸುವ ಕೆಲಸವನ್ನು ಮೌನೇಶ ತೆಗೆದುಕೊಂಡ. ಅವಳು ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಬುಟ್ಟಿಯನ್ನು ಬಾಗಿಲಿನ ಹೊರಗೆ ಇಡುತ್ತಿದ್ದಳಂತೆ, ಅವನು ಎತ್ತಿಕೊಂಡು ಹೋಗುತ್ತಿದ್ದನಂತೆ. ಐದು ತಿಂಗಳು ಹಾಗೆ ನಡೆಯಿತು. ಮೂಳೆ ಕೂಡಿತು. ಆದರೆ ಹೆಬ್ಬೆರಳು, ತೋರುಬೆರಳು ಮೊದಲಿನಂತೆ ಜೋಡಿಯಾಗಿ ಮಡಚಲಿಲ್ಲ. ದಾರ ಹಿಡಿಯಲು ಬರುತ್ತಿತ್ತು, ಗಂಟು ಬಿಗಿಯಲು ಬರುತ್ತಿರಲಿಲ್ಲ. ಅವಳು ಹೂವಿನ ಅಂಗಡಿಯಲ್ಲಿ ಕೂತು, ಬೇರೆಯವರು ಕಟ್ಟಿದ ಮಾಲೆಯನ್ನು ಮೊಳ ಹಾಕಿ ಮಾರತೊಡಗಿದಳು.

ಮೇಷ್ಟ್ರಿಗೂ ಅವನು ಎಲ್ಲ ಹೇಳಿದ. ಅವರು ಮೊದಲು ಸಿಟ್ಟಾದರು. ಆಮೇಲೆ, ಕಾರು ನಿಲ್ಲಿಸಿದ ಮೇಲೂ ತಾವು ಹಿಂದಕ್ಕೆ ಹೋಗಿ ರಸ್ತೆ ನೋಡಲಿಲ್ಲವಲ್ಲ ಎಂದು ತಲೆ ತಗ್ಗಿಸಿದರು. ಈಗ ಎಲ್ಲಿ ಹಾಕೋಣ ಎಂದು ಅವರು ಮತ್ತೆ ಕೇಳಿದಾಗ ಮೌನೇಶ, "ಮುಂದನ ಹಾಕಬೇಕ್ರಿ. ನನ್ನಿಂದ ಆಗೂದಿಲ್ಲ, ಬೆಳಗಾವ್ಯಾಗ ಒಬ್ಬರು ಅದಾರ, ಅಲ್ಲಿಗೆ ಕಳಸ್ತೀನಿ," ಎಂದ. ಗಿರಾಕಿಯ ಎದುರು ಅವನು ಆಗುವುದಿಲ್ಲ ಎಂದದ್ದನ್ನು ಅಂದೇ ಮೊದಲ ಸಲ ಕೇಳಿದೆ. ಆ ಮಾತು ಮೊದಲ ದಿನವೇ ಬಂದಿದ್ದರೆ ಎಂದುಕೊಂಡೆ. ಅವನೂ ಅದನ್ನೇ ಅಂದುಕೊಂಡಿರಬೇಕು.

ಬಾನೆಟ್ಟಿನೊಳಗೆ ಆರು ವರ್ಷ ದುಡಿದೆ. ಕಾವು ತಿಂದೆ, ಚೆನ್ನಾಗಿಯೇ ಓಡಿದೆ. ಕಾರು ಹಳತಾದಾಗ ಮೇಷ್ಟ್ರು ನನ್ನನ್ನು ಬಿಚ್ಚಿಸಿ ಪಾಲಿಟೆಕ್ನಿಕ್ಕಿಗೆ ಕೊಟ್ಟರು. ಒಳಗು ಕಾಣಲೆಂದು ನನ್ನನ್ನು ಅರ್ಧಕ್ಕೆ ಕೊಯ್ದು ಕಿಟಕಿಯ ಹತ್ತಿರ ಇಟ್ಟಿದ್ದಾರೆ. ಇಲ್ಲಿ ಎಣ್ಣೆಯಿಲ್ಲ, ಹೊಗೆಯಿಲ್ಲ. ಬಿಸಿಲು ಬರುತ್ತದೆ, ಹೋಗುತ್ತದೆ.

ವರ್ಷಕ್ಕೊಮ್ಮೆ ಮೇಷ್ಟ್ರು ಮೌನೇಶನನ್ನು ಕರೆಸುತ್ತಾರೆ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದು ಉಳಿಯಲಿಲ್ಲ. ಟರ್ಬೊ ಹಿಂದಿದ್ದರೆ ಒಳ್ಳೆಯದೋ ಮುಂದಿದ್ದರೆ ಒಳ್ಳೆಯದೋ ಎಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಅವನು ಎರಡರ ಗುಣದೋಷವನ್ನೂ ಹೇಳಿ, ಬಳಿಕ ಸುಲೋಚನಾ ಹೂಗಾರ ಎಂಬ ಹೆಸರು ಹೇಳಿ, ನಡೆದದ್ದನ್ನು ಒಂದೂ ಬಿಡದೆ ಹೇಳುತ್ತಾನೆ.

ಈ ವರ್ಷ ಒಬ್ಬ ಹುಡುಗಿ ಎದ್ದು ನಿಂತು, ಅವರು ನಿಮ್ಮನ್ನು ಕ್ಷಮಿಸಿದರಾ ಎಂದು ಕೇಳಿದಳು.

"ನಾ ಕ್ಷಮಾ ಕೇಳಿಲ್ಲವ್ವಾ," ಎಂದ ಮೌನೇಶ. "ಕೇಳಿದ್ರ ಆಕಿ ಮನಸ್ಸಿಲ್ಲದಿದ್ರೂ ಹೂಂ ಅನ್ನಬೇಕಾಗತಿತ್ತು."