ಕಂದು ಬಣ್ಣದ ನೆರೆಹೊರೆ

ಹೊಲಿಗೆ ಯಂತ್ರದ ಸೂಜಿ ಮುರಿದು ಸಿಡಿದು, ನನ್ನ ಎಡಗಣ್ಣನ್ನೇ ತೆಗೆಸಬೇಕಾಗಿ ಬಂತು. ಅಂದಿನಿಂದ ಆರು ವರ್ಷದ ಮಗಳು ನನ್ನ ಮುಖ ನೋಡುವುದನ್ನೇ ಬಿಟ್ಟಳು. ಏನು ಕೇಳಿದರೂ ನನ್ನ ಸೀರೆಯ ಸೆರಗಿಗೆ ಉತ್ತರ ಹೇಳುತ್ತಿದ್ದಳು. ಗಾಯದ ನೋವು ಹೇಗೋ ತಡೆದುಕೊಂಡೆ, ಇದನ್ನು ತಡೆಯಲಾಗಲಿಲ್ಲ. ಕೃತಕ ಕಣ್ಣು ಮಾಡುವವರ ಹತ್ತಿರ ಹೋದೆ.

ಎಲ್ಲರೂ ಅವರನ್ನು ಕಣ್ಣು ಮೇಷ್ಟ್ರು ಎನ್ನುತ್ತಿದ್ದರು. ಮೂಗಿನ ತುದಿಯಲ್ಲೇ ಕೋಪ, ಕೆಲಸದಲ್ಲಿ ಮಾತ್ರ ಬಲು ಶ್ರದ್ಧೆ. ಸುತ್ತಲಿನ ಬೆಳಕು ಬಣ್ಣ ಕೆಡಿಸದಿರಲಿ ಎಂದು ಕಪ್ಪು ರಟ್ಟಿನ ಕೊಳವೆಯೊಂದನ್ನು ಹೊಸದಾಗಿ ಮಾಡಿಕೊಂಡಿದ್ದರು. ಅದರೊಳಗಿಂದ ನನ್ನ ಬಲಗಣ್ಣಿನ ಕಂದು ಭಾಗವನ್ನಷ್ಟೇ ನೋಡಿ, ಕೊಳವೆ ಇಳಿಸಿ, ಬಣ್ಣ ಕಲಸಿ ಕಣ್ಣು ಬರೆದರು. ಮನೆಗೆ ಬಂದು ಬಿಸಿಲಲ್ಲಿ ಕನ್ನಡಿ ಹಿಡಿದರೆ ಎಡಗಣ್ಣು ಅಪ್ಪಟ ಕಿತ್ತಳೆ! ಒಂದು ಕಣ್ಣು ನಮ್ಮನೇದು, ಇನ್ನೊಂದು ಬೆಕ್ಕಿಂದು ಎಂದು ಅತ್ತೆ ನಗಿಸಲು ನೋಡಿದರು. ಮಗಳು ಅವರ ಬೆನ್ನ ಹಿಂದೆ ಅವಿತಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮರುದಿನ ಜಗಳ ಆಡಲೆಂದೇ ಹೋದೆ. ಕೊಳವೆ ಸುಳ್ಳು ಹೇಳುವುದಿಲ್ಲ ಎಂದು ಮೇಷ್ಟ್ರು ಅದನ್ನು ನನ್ನ ಕೈಗೇ ಕೊಟ್ಟರು. ಚೀಲದಲ್ಲಿದ್ದ ಕಂದು ನೂಲಿನ ಉಂಡೆಯನ್ನು ಬಿಳಿ ಬಟ್ಟೆಯ ಮೇಲೆ, ಕಿಟಕಿಯ ಬಿಸಿಲಿಗೆ ಇಟ್ಟು ಕೊಳವೆಯಲ್ಲಿ ನೋಡಿದೆ. ಕಿತ್ತಳೆ ಕಂಡಿತು. ಕೊಳವೆ ತೆಗೆದರೆ ಅದೇ ನೂಲು ಮತ್ತೆ ಕಂದು. ಅವರೂ ನೋಡಿದರು. ಕೊಳವೆ ತೆಗೆದು ಇನ್ನೊಮ್ಮೆ ನೋಡಿದರು.

"ತಪ್ಪು ನಂದೇ ಕಣಮ್ಮ. ಕಾಮನಬಿಲ್ಲಲ್ಲಿ ಕಂದು ಎಲ್ಲಿದೆ ಹೇಳಿ? ಅದು ಬರೀ ಮಂಕಾದ ಕಿತ್ತಳೆ. ಪಕ್ಕದಲ್ಲಿ ಅದಕ್ಕಿಂತ ಬೆಳ್ಳಗಿರೋದು ಏನಾದ್ರೂ ಇದ್ರೆ, ನಮ್ಮ ಮಿದುಳೇ ಅದನ್ನ ಕಂದು ಮಾಡ್ಕೊಳ್ಳುತ್ತೆ. ನಾನು ನಿಮ್ಮ ಕಣ್ಣಿನ ಬಿಳಿ, ಮುಖ ಎಲ್ಲಾ ಮುಚ್ಚಿ ನೋಡ್ಬಿಟ್ಟೆ."

ಕೊಳವೆಯನ್ನು ಮುರಿದು ಕಸದ ಬುಟ್ಟಿಗೆ ಎಸೆದರು. ನನ್ನನ್ನು ಕಿಟಕಿಯ ಬಳಿ ಕೂರಿಸಿ, ಇಡೀ ಮುಖವನ್ನು ನೋಡುತ್ತಾ ಮೊದಲಿಂದ ಬರೆಯತೊಡಗಿದರು. ಮೂರು ದಿನ ಹಿಡಿಯಿತು. ಹಿಂಜರಿಯದೆ ಯಾರಾದರೂ ನನ್ನ ಮುಖವನ್ನು ಅಷ್ಟು ಹೊತ್ತು ನೋಡಿ ತಿಂಗಳುಗಳೇ ಆಗಿದ್ದವು. ಆ ಮುಂಗೋಪಿಯ ಉಪಕಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಹೊಸ ಕಣ್ಣು ಹಾಕಿಕೊಂಡು ಮನೆಗೆ ಬಂದು ಮಗಳ ಎದುರು ಮಂಡಿಯೂರಿ ಕೂತೆ. ಅವಳು ಮೆಲ್ಲಗೆ ತಲೆ ಎತ್ತಿದಳು. ಈ ಕಣ್ಣು ನೋಡಿದಳು, ಆ ಕಣ್ಣು ನೋಡಿದಳು, ಮತ್ತೆ ಈ ಕಣ್ಣಿಗೆ ಬಂದಳು. ನನಗೆ ಅಳು ತಡೆಯಲಾಗಲಿಲ್ಲ.

"ಅಮ್ಮಾ, ಇದ್ರಲ್ಲೂ ನೀರು ಬರುತ್ತೆ," ಎಂದು ಹತ್ತಿರ ಬಂದವಳು, ಫ್ರಾಕಿನ ಅಂಚು ಹಿಡಿದು ಮೊದಲು ಎಡಗಣ್ಣನ್ನೇ ಒರೆಸಿದಳು.