ಕೈ ಇದೆ

ಆ ಈಜುಕೊಳದಲ್ಲಿ ಎಲ್ಲರೂ ಅವಳನ್ನು ಮೂರಡಿ ಮಿಸ್ ಎಂದೇ ಕರೆಯುತ್ತಿದ್ದರು. ಅವಳೇನೂ ಮೂರಡಿ ಎತ್ತರದವಳಲ್ಲ, ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಉದ್ದದ ಹೆಂಗಸು. ಆದರೆ ಅವಳು ಹೊಸಬರಿಗೆ ಈಜು ಕಲಿಸುತ್ತಿದ್ದದ್ದು ಮೂರಡಿ ನೀರಿನಲ್ಲಿ, ಹಗ್ಗದ ಈಚೆಗೆ. ಆಚೆಗೆ ಆಳ. ಮೂವತ್ತೈದು ದಾಟಿದ್ದರೂ ಅವಳ ಬದುಕೆಲ್ಲ ಹಗ್ಗದ ಈಚೆಗೇ ಇತ್ತು.

ಕೊಳ ನಡೆಸುತ್ತಿದ್ದವಳು ಅಕ್ಕ. ಅಮ್ಮ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳೂ ಅವಳೇ, ನೀರಿಗಿಳಿಸಿದವಳೂ ಅವಳೇ. ಮಂಡಿ ಕೈಕೊಟ್ಟಾಗ ಅಕ್ಕ ಟಿಕೆಟ್ ಕೌಂಟರಿನ ಕುರ್ಚಿ ಹಿಡಿದಳು, ಪಾಠ ತಂಗಿಯ ಪಾಲಿಗೆ ಬಂತು. ಪಾಠದ ಜೊತೆ ಅಕ್ಕನ ಒಂದು ಮಾತೂ ಬಂತು. ಕಲಿಯುವವರನ್ನು ನೀರಿನ ಮೇಲೆ ಬೋರಲು ಮಲಗಿಸಿ, ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, "ಕೈ ಇದೆ, ಕೈ ಇದೆ" ಎನ್ನುತ್ತಿರಬೇಕು. ಅವರು ಕಾಲು ಬಡಿಯುವುದರಲ್ಲಿ ಮೈಮರೆತಾಗ ಮೆಲ್ಲಗೆ ಕೈ ತೆಗೆಯಬೇಕು. ಬಾಯಿ ಮಾತ್ರ ನಿಲ್ಲಿಸಬಾರದು. ಎಂಥ ಪುಕ್ಕಲರೂ ಆ ಸುಳ್ಳಿನ ಮೇಲೆ ತೇಲಿಬಿಡುತ್ತಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಇವರದು ಒಂದೇ ಸುಳ್ಳು, ಸಾವಿರ ಸಲ.

ಈಗ ಕಡಲ ತೀರದಿಂದ ಕರೆ ಬಂದಿತ್ತು. ಅಲೆಗೆ ಸಿಕ್ಕಿದವರನ್ನು ಎಳೆದು ತರುವ ತಂಡವೊಂದಕ್ಕೆ ತರಬೇತಿ ಕೊಡುವವರು ಬೇಕಾಗಿದ್ದರು. ಹೋದ ವರ್ಷ ಅವಳು ಅಕ್ಕನಿಗೆ ಪ್ರವಾಸವೆಂದು ಹೇಳಿ, ಅಲ್ಲಿ ಪರೀಕ್ಷೆಗೆ ಈಜಿ ಬಂದಿದ್ದಳು. "ಇವತ್ತು ಸಂಜೆಯೊಳಗೆ ಹೂಂ ಅನ್ನಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀವಿ" ಎಂದಿದ್ದ ತಂಡದ ನಾಯಕ. ಹೋಗುವ ಆಸೆ ಗಂಟಲ ತನಕ ಬಂದು ಕೂತಿತ್ತು. ಅಕ್ಕನನ್ನು ಬಿಟ್ಟು ಹೇಗೆ ಹೋಗುವುದೆಂಬ ಪ್ರಶ್ನೆ ಅದರ ಮೇಲೆ ಬಿರಡೆ ಹಾಕಿತ್ತು.

ಬೆಳಗಿನ ಪಾಠಕ್ಕೆ ಜಡ್ಜಜ್ಜಿ ಬಂದರು. ನಿವೃತ್ತ ನ್ಯಾಯಾಧೀಶರು, ಆರು ತಿಂಗಳಿಂದ ಮೂರಡಿಯಲ್ಲೇ ಕಾಲು ಬಡಿಯುತ್ತಿದ್ದವರು. ಅವಳು ಅವರ ಪಕ್ಕದಲ್ಲಿ "ಕೈ ಇದೆ, ಕೈ ಇದೆ" ಎನ್ನುತ್ತ ನಡೆಯುತ್ತಿದ್ದಳು. ಮನಸ್ಸು ಮಾತ್ರ ಕಡಲಿನಲ್ಲಿತ್ತು. ಅಜ್ಜಿ ಥಟ್ಟನೆ ನಿಂತು ಈಜುವ ಕನ್ನಡಕವನ್ನು ಹಣೆಗೇರಿಸಿದರು.

"ಯಾವ ಕೈ, ಮಿಸ್?"

ಅವಳು ನೋಡಿಕೊಂಡಳು. ಎರಡೂ ಕೈಗಳು ತನ್ನ ಸೊಂಟದ ಮೇಲೆ ಆರಾಮಾಗಿ ಕೂತಿದ್ದವು! ಗಡಿಬಿಡಿಯಿಂದ ಕೆಳಗಿಳಿಸಿದಳು.

"ಇವತ್ತು ಸಿಕ್ಕಿಬಿದ್ದೆ ಅನ್ಕೋಬೇಡ," ಎಂದರು ಅಜ್ಜಿ. "ಕೈ ಇಲ್ಲ ಅಂತ ನನಗೆ ಎರಡನೇ ವಾರದಲ್ಲೇ ಗೊತ್ತಾಗಿತ್ತು. ಜೀವಮಾನವೆಲ್ಲ ಸುಳ್ಳುಸಾಕ್ಷಿ ಕೇಳಿದವಳು ನಾನು."

"ಮತ್ತೆ ಯಾಕಜ್ಜಿ ಹೇಳ್ಲಿಲ್ಲ? ಯಾವತ್ತೋ ಹಗ್ಗದ ಆಚೆ ಹೋಗಬಹುದಿತ್ತಲ್ಲ!"

"ನೀನು ಅಷ್ಟು ಅಕ್ಕರೆಯಿಂದ ಕೈ ಇದೆ, ಕೈ ಇದೆ ಅಂತಿದ್ದೆ. ಬಿಟ್ಟು ಹೋದ್ರೆ ಬೇಜಾರು ಮಾಡ್ಕೋತೀಯ ಅಂತ ಇಲ್ಲೇ ಒದ್ದಾಡ್ತಿದ್ದೆ. ಆರು ತಿಂಗಳು ದಂಡ!"

ತೀರ್ಪು ಕೊಟ್ಟವರೇ ಅಜ್ಜಿ ಹಗ್ಗದ ಕೆಳಗೆ ತಲೆ ತೂರಿಸಿ ಆಚೆಗೆ ಈಜಿಕೊಂಡು ಹೋದರು. ಆ ತುದಿಯ ಕಂಬಿ ಹಿಡಿದು, "ಇಲ್ಲಿ ನೀರು ಚೆನ್ನಾಗಿದೆ ಕಣೇ!" ಎಂದು ಕೂಗಿದರು.

ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ತಾನು ಮಾಡುತ್ತಿರುವುದಾದರೂ ಏನು? ಅಕ್ಕನ ಕೈ ತನ್ನ ಕೆಳಗಿಲ್ಲವೆಂದು ತನಗೂ ಎಷ್ಟೋ ವರ್ಷಗಳಿಂದ ಗೊತ್ತು. ಅಕ್ಕ ನೊಂದುಕೊಳ್ಳುತ್ತಾಳೆಂದು ತಾನೂ ಮೂರಡಿಯಲ್ಲೇ ಕಾಲು ಬಡಿಯುತ್ತಿದ್ದಾಳೆ, ಅದಕ್ಕೆ ಪ್ರೀತಿಯೆಂದು ಹೆಸರಿಟ್ಟಿದ್ದಾಳೆ. ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಎರಡೂ ತನ್ನ ಮೇಲೆಯೇ.

ಅಜ್ಜಿಯ ಪಾಠ ಮುಗಿದದ್ದೇ ತಡ, ಮೈ ಒರೆಸಿಕೊಳ್ಳದೆ ಫೋನ್ ಮಾಡಿ ನಾಯಕನಿಗೆ ಹೂಂ ಎಂದಳು. ಮೊದಲು ಅಕ್ಕನ ಮುಖ ನೋಡಿದರೆ ಹೂಂ ಹೋಗಿ ಊಹೂಂ ಆಗಿಬಿಡುತ್ತದೆಂದು ಗೊತ್ತಿತ್ತು. ಆಮೇಲೆ ನೀರು ತೊಟ್ಟಿಕ್ಕಿಸುತ್ತಲೇ ಕೌಂಟರಿಗೆ ಹೋಗಿ ಎಲ್ಲ ಹೇಳಿದಳು. ಪರೀಕ್ಷೆಗೆ ಹೋದದ್ದನ್ನೂ ಮುಚ್ಚಿಡಲಿಲ್ಲ.

"ಕೇಳ್ತಿದೀಯೋ, ಹೇಳ್ತಿದೀಯೋ?" ಎಂದಳು ಅಕ್ಕ.

"ಹೇಳ್ತಿದೀನಿ. ಮುಂದಿನ ತಿಂಗಳು ಹೊರಡ್ತೀನಿ."

"ಹತ್ತಿದ ಏಣಿ ಒದೀತೀಯ ಅನ್ನು."

"ಒದೀತಿಲ್ಲ ಅಕ್ಕ. ಹತ್ತಿದ ಮೇಲೂ ಕೊನೇ ಮೆಟ್ಟಿಲ ಮೇಲೇ ನಿಂತಿದೀನಿ. ಏಣಿಗೂ ಭಾರ, ನನಗೂ ಕಾಲು ನೋವು."

"ಮಾತಿಗೇನು ಕಮ್ಮಿಯಿಲ್ಲ. ಮೂರಡಿಗೆ ಇಳಿಯೋರು ಯಾರು?"

"ನೀನು."

"ನನ್ನ ಮಂಡಿ ನಿನಗೆ ತಮಾಷೆಯಾ?"

"ಮಂಡಿಗೆ ಕಷ್ಟ ಮೆಟ್ಟಿಲು, ನೀರಲ್ಲ. ಡಾಕ್ಟರು ಎಷ್ಟು ಸಲ ಹೇಳಿದಾರೆ, ನೀನೇ ಕಿವಿಗೆ ಹಾಕ್ಕೊಂಡಿಲ್ಲ."

ಅಕ್ಕ ಮಾತು ಬಿಟ್ಟಳು. ಮಧ್ಯಾಹ್ನವಿಡೀ ಕೌಂಟರಿನ ಡ್ರಾಯರು ಮಾತ್ರ ಧಡಾರ್ ಧಡಾರ್ ಎನ್ನುತ್ತಿತ್ತು. ತಂಗಿಗೆ ಸಂಕಟವಾಯಿತು. ಆದರೂ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕೊಳ ಖಾಲಿಯಾಗುವ ಹೊತ್ತಿಗೆ ಅಕ್ಕ ಬಂದಳು. ಹೊಟ್ಟೆಯ ಹತ್ತಿರ ಬಿಗಿಯುತ್ತಿದ್ದ ಹಳೆಯ ಈಜುಡುಗೆ, ಊದಿಕೊಂಡ ಮುಖ. ಕಂಬಿ ಹಿಡಿದು ಒಂದೊಂದೇ ಹೆಜ್ಜೆಯಿಟ್ಟು ನೀರಿಗಿಳಿದಳು. ಎಷ್ಟೋ ವರ್ಷಗಳಿಂದ ನೀರು ಮುಟ್ಟದವಳು, ಇಳಿದ ಮೇಲೂ ಕಂಬಿ ಬಿಡಲಿಲ್ಲ.

"ಏನು ನೋಡ್ತೀಯ? ಹಿಡ್ಕೋ," ಎಂದು ಗದರಿದಳು.

ಅಕ್ಕ ಅಂಗಾತ ಮಲಗಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ತಂಗಿ ಬೆನ್ನಿಗೆ ಅಂಗೈ ಕೊಟ್ಟು ನಿಧಾನವಾಗಿ ನಡೆದಳು. ಮರದ ದಿಮ್ಮಿಯಂತಿದ್ದ ಮೈ ಹೋಗುತ್ತ ಹೋಗುತ್ತ ಸಡಿಲವಾಯಿತು. ಹಗ್ಗದ ಹತ್ತಿರ ಬಂದಾಗ ತಂಗಿ ಕೈ ತೆಗೆದಳು.

"ಕೈ ಇದೆ ತಾನೇ?" ಎಂದಳು ಅಕ್ಕ, ಕಣ್ಣು ತೆರೆಯದೆ.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ವರ್ಷ ಎಲ್ಲರಿಗೂ ಕೊಟ್ಟ ಉತ್ತರ. ತಂಗಿ ಅದನ್ನು ನುಂಗಿಕೊಂಡಳು.

"ಇಲ್ಲ ಅಕ್ಕ. ತೆಗೆದೆ."

ಅಕ್ಕನ ಕಣ್ಣು ಪಕ್ಕನೆ ತೆರೆಯಿತು. ಕಾಲು ಮುಳುಗಿತು, ಒಂದು ಗುಟುಕು ನೀರು ಮೂಗಿಗೂ ಹೋಯಿತು. ತಂಗಿ ಕೈ ಚಾಚಲಿಲ್ಲ. ಆಮೇಲೆ ಅಕ್ಕನ ತೋಳುಗಳು ತಾವಾಗಿ ಅಗಲವಾದವು, ಸೊಂಟ ಮೇಲೆ ಬಂತು. ಅಕ್ಕ ತೇಲಿದಳು.

"ಹಾಗೆ ಹೇಳಬಾರದು ಕಣೇ, ಪೆದ್ದಿ," ಎಂದಳು ಚಾವಣಿ ನೋಡುತ್ತ, ಕೆಮ್ಮುತ್ತ. "ನಾನು ಕಲಿಸಿದ್ದು ಮರೆತೆಯಾ?"

"ಮರೆತಿಲ್ಲ."

ಅಕ್ಕ ತಲೆ ಹೊರಳಿಸಿ ಹಗ್ಗದ ಕಡೆ ನೋಡಿದಳು. ಆಮೇಲೆ ಮಗ್ಗುಲಾದಳು.

"ಸರಿ, ಆಚೆ ಸರಿ," ಎಂದಳು. "ಕೈ ಬೀಸೋಕೆ ನನಗೆ ಜಾಗ ಬೇಕು."

ತಂಗಿ ಸರಿದು ನಿಂತಳು.