ಬಾಡಿಗೆ ಗಜ್ಜರಿ

ಹೊತ್ತು ಮುಳುಗಿತೆಂದರೆ ಸಕ್ಕುಬಾಯಿಗೆ ಏನೂ ಕಾಣುತ್ತಿರಲಿಲ್ಲ. ಹಿಂಜವಾಡಿಯ ಆ ಹೊಸ ಕಟ್ಟಡದ ಮೆಟ್ಟಿಲಿಗೆ ದೀಪವಿಲ್ಲ. ತಲೆಯ ಮೇಲೆ ಕಾಂಕ್ರೀಟ್ ಬುಟ್ಟಿ ಹೊತ್ತು, ಮುಂದಿನವಳ ಸೆರಗು ಹಿಡಿದು ಹತ್ತುತ್ತಿದ್ದಳು. ಮೊನ್ನೆ ಲಿಫ್ಟಿನ ಗುಂಡಿಗೆ ಕಾಲಿಟ್ಟೇ ಬಿಟ್ಟಿದ್ದಳು. ಗಂಡ ಭೀಮಣ್ಣ ರಟ್ಟೆ ಹಿಡಿದು ಎಳೆಯದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಯಾದಗಿರಿ ಕಡೆಯಿಂದ ಕೂಲಿಗೆ ಬಂದ ಈ ಹೆಂಗಸರು ತಾವಿದ್ದ ಶೆಡ್ಡುಗಳ ಪಕ್ಕ ರಾಜಗಿರಿ, ಮೆಂತ್ಯೆ ಸೊಪ್ಪು ಬೆಳೆದುಕೊಂಡಿದ್ದರು. ಫ್ಲ್ಯಾಟು ನೋಡಲು ಬರುವವರ ಕಣ್ಣಿಗೆ ತಂಪಾಗಲೆಂದು ಕಂಪನಿ ಅದನ್ನೆಲ್ಲ ಕಿತ್ತು ಹುಲ್ಲು ಹಾಸಿತು. ಆಮೇಲೆ ಇವರ ತಾಟಿನಲ್ಲಿ ರೊಟ್ಟಿ, ಖಾರದ ಪುಡಿ, ಅಷ್ಟೇ. ವರ್ಷ ಕಳೆಯುವುದರೊಳಗೆ ಸಕ್ಕುಬಾಯಿಯ ಕಣ್ಣು ಕೈಕೊಟ್ಟಿತು. ಆಗ ಕಂಪನಿಗೆ ಕರುಣೆ ಉಕ್ಕಿ ಬಂತು ನೋಡಿ! ಅದೇ ಹುಲ್ಲಿನ ಮೇಲೆ ಶಾಮಿಯಾನ ಹಾಕಿ ಕಣ್ಣಿನ ಶಿಬಿರ ನಡೆಸಿತು.

ಡಾಕ್ಟರ್ ಆರತಿ ರೆಪ್ಪೆ ಎತ್ತಿ ನೋಡಿದರು.

“ಇರುಳುಗುರುಡು ಅದವ್ವ. ಎ ಜೀವಸತ್ವ ಕಡಿಮಿ ಆಗ್ಯದ. ಔಷಧ ಕೊಡತೀನಿ. ತಪ್ಪಲಪಲ್ಯ, ಗಜ್ಜರಿ ತಿನ್ನು. ಕತ್ತಲಾದ್ರ ಮೆಟ್ಟಿಲ ಹತ್ತಬ್ಯಾಡ.”

ಸೂಪರ್‌ವೈಸರ್ ಅವಧೂತ ಒಬ್ಬೊಬ್ಬಳ ಕೈಗೂ ಒಂದೊಂದು ಗಜ್ಜರಿ ಕೊಟ್ಟು ಸಾಲಾಗಿ ನಿಲ್ಲಿಸಿದ. ಫೋಟೊ ಹೊಡೆದದ್ದೇ ತಡ, ಬುಟ್ಟಿ ಹಿಡಿದು ಬಂದ.

“ಗಜ್ಜರಿ ವಾಪಸ್ ಕೊಡ್ರಿ.”

“ತಿನ್ನಾಕಲ್ಲೇನ್ರಿ?” ಅಂದಳು ಸಕ್ಕುಬಾಯಿ.

“ಬಾಡಿಗೀಲೆ ತಂದೀನಬೇ! ಸಂಜೀಕ ಅಂಗಡಿಯಾಂವಗ ಮುಟ್ಟಿಸಬೇಕು.”

ಉಳಿದವರು ಹೆದರಿ ಕೊಟ್ಟರು. ಸಕ್ಕುಬಾಯಿಗೆ ಮೈಯೆಲ್ಲ ಉರಿಯಿತು. ಕರಕ್ಕನೆ ಕಚ್ಚಿ, ಅವನೆದುರೇ ಅಗಿದು ನುಂಗಿದಳು.

ಸಂಜೆ ಸ್ಲ್ಯಾಬಿನ ಕೆಲಸ. ಕಾಂಕ್ರೀಟ್ ಕಲಸಿ ಕೆಳಗೆ ರಾಶಿ ಹಾಕಿಯಾಗಿತ್ತು, ಮೇಲಕ್ಕೆ ಹೊರುವುದಷ್ಟೇ ಬಾಕಿ. ಕತ್ತಲೂ ಆಗಿತ್ತು.

“ಡಾಕ್ಟರ್ ಹತ್ತಬ್ಯಾಡ ಅಂದಾರ್ರಿ.”

“ಗಜ್ಜರಿ ತಿಂದೀಯಲ್ಲ? ಕಣ್ಣು ಬಂದಿರತಾವ. ಹತ್ತು! ಇಲ್ಲಂದ್ರ ಗಂಟು ಕಟ್ಟಿ ಊರಿಗೆ ನಡಿ,” ಅಂದ ಅವಧೂತ.

ಸಕ್ಕುಬಾಯಿ ಸೆರಗಿಗಾಗಿ ಕೈ ಚಾಚಿದಳು. ಮುಂದಿದ್ದ ಕಲ್ಲವ್ವ ತಟ್ಟನೆ ಬುಟ್ಟಿ ಕೆಳಗಿಟ್ಟಳು. ಕತ್ತಲಲ್ಲಿ ಸೂಜಿಗೆ ದಾರ ಪೋಣಿಸುವ ಕಲ್ಲವ್ವ!

“ನನಗೂ ಕಾಣವಲ್ದ್ರಿ.”

“ನನಗೂ,” ಅಂದಳು ಇನ್ನೊಬ್ಬಳು. ಬುಟ್ಟಿಗಳೆಲ್ಲ ಕೆಳಗಿಳಿದವು. ಭೀಮಣ್ಣ ಸಲಿಕೆ ಬಿಟ್ಟು ಗೋಡೆ ತಡವತೊಡಗಿದ.

“ಎಲ್ಲಾರಿಗೂ ಒಮ್ಮೆಲೇ ಹೆಂಗ ಬಂತು?” ಅವಧೂತ ಕಿರುಚಿದ.

“ಗಜ್ಜರಿ ನೀವ ಕಸಗೊಂಡ್ರಲ್ರಿ,” ಅಂದಳು ಕಲ್ಲವ್ವ.

“ಕಾಂಕ್ರೀಟ್ ಗಟ್ಟಿ ಆಗಲಿಕ್ಕತ್ತದ! ನೋಡ್ರಿ!”

“ಎಲ್ಲದರಿ ಕಾಂಕ್ರೀಟು?” ಅಂದ ಭೀಮಣ್ಣ.

ಸಕ್ಕುಬಾಯಿ ಕಾಲಿನಿಂದ ನೆಲ ಹುಡುಕುತ್ತ ಹುಲ್ಲಿನವರೆಗೆ ಹೋಗಿ ಕೂತಳು.

“ಮೊದಲ ಇಲ್ಲಿ ರಾಜಗಿರಿ ಬಿತ್ತತೀವ್ರಿ. ಮೆಟ್ಟಿಲಿಗೆ ದೀಪ ಹಾಕ್ರಿ. ಆಮ್ಯಾಲ ನೋಡೂಣು.”

ಹಾಗೆಂದವಳೇ ಕೈಗೆ ಸಿಕ್ಕಷ್ಟು ಹುಲ್ಲು ಕಿತ್ತಳು. ಅದಕ್ಕೆ ಕಣ್ಣು ಬೇಕಿರಲಿಲ್ಲ.